ಪೊರ್ಬು ಅಂದ್ರ ಬೈಗುಳೇನು? ಕಿರಿಸ್ತಾನ್ರು, ಆರ್‌ಸಿ, ಪಾದ್ರಿ: ಅವಳಿ ನಗರದ ಬಾಯಲ್ಲಿರೋ ಶಬ್ದಗಳ ಹಿಂದಿನ ಕಥೆ

ಹುಬ್ಬಳ್ಳಿ: ಕರಾವಳಿ ಕಡೆಯಿಂದ ಬಂದು ಹುಬ್ಬಳ್ಳಿ-ಧಾರವಾಡದಲ್ಲಿ ಹೋಟೆಲ್, ಅಂಗಡಿ, ಗ್ಯಾರೇಜ್ ನಡೆಸುವವರ ಬಾಯಲ್ಲಿ ಒಂದು ಶಬ್ದ ಆಗಾಗ ಬರುತ್ತೆ. 'ಪೊರ್ಬು'. ಕೆಲವರು 'ಪುರ್ಬು' ಅಂತಾನೂ ಅಂತಾರೆ. ಪಕ್ಕದ ಅಂಗಡಿಯ ಹುಬ್ಬಳ್ಳಿ ಮಂದಿಗೆ ಇದರ ಅರ್ಥ ಆಗೋದಿಲ್ಲ. 'ಯಾರ್ರಿ ಅವ ಪೊರ್ಬು?' ಅಂತ ಕೇಳಿದ್ರೆ, 'ಅದೇರಿ, ಡಿಸೋಜಾ, ಕಿರಿಸ್ತಾನ್ರವ' ಅಂತ ಉತ್ತರ ಬರುತ್ತೆ. ಮರುದಿನ ಆ ಡಿಸೋಜಾ ಅಂಗಡಿಗೆ ಬಂದಾಗ ಹುಡುಗನೊಬ್ಬ 'ಬರ್ರಿ ಪೊರ್ಬು' ಅಂದುಬಿಟ್ಟರೆ? ಗಿರಾಕಿ ನಗಬಹುದು, ಮುಖ ಸಣ್ಣದು ಮಾಡಬಹುದು, ಸಾಮಾನು ಬಿಟ್ಟು ಹೋದರೂ ಹೋಗಬಹುದು.

ಹಾಗಾದರೆ ಪೊರ್ಬು ಅಂದ್ರೇನು? ಅದು ಬೈಗುಳವೋ, ಜಾತಿ ಹೆಸರೋ, ಪ್ರೀತಿಯ ಕರೆಯೋ? ಹುಬ್ಬಳ್ಳಿ ಮಂದಿ ದಿನಾ ಬಳಸೋ ಕಿರಿಸ್ತಾನ್ರು, ಆರ್‌ಸಿ, ಪಾದ್ರಿ ಅನ್ನೋ ಶಬ್ದಗಳು ಎಲ್ಲಿಂದ ಬಂದವು? ಒಂದೊಂದಾಗಿ ನೋಡೋಣ.

ಸಣ್ಣ ಉತ್ತರ: ಪೊರ್ಬು ಅಂದ್ರ ಪ್ರಭು

ಪೊರ್ಬು ಅನ್ನೋದು ತುಳುನಾಡಿನ, ಅಂದರೆ ಮಂಗಳೂರು-ಉಡುಪಿ ಭಾಗದ ಆಡುಮಾತು. ಅಲ್ಲಿನ ಕೊಂಕಣಿ ಮಾತಾಡುವ ಕ್ಯಾಥೋಲಿಕ್ ಕ್ರೈಸ್ತರಿಗೆ ತುಳುವರು, ಕನ್ನಡಿಗರು ಇಟ್ಟ ಹೆಸರು. ಇದರ ಮೂಲ 'ಪ್ರಭು' ಅನ್ನೋದು ಸಾಮಾನ್ಯವಾಗಿ ಒಪ್ಪಿರುವ ವಿವರಣೆ. ಅಲ್ಲಮಪ್ರಭು ಅನ್ನುವಾಗ ಬರುವ ಅದೇ ಪ್ರಭು. ಒಡೆಯ, ಯಜಮಾನ, ದೊಡ್ಡವನು ಅಂತ ಅರ್ಥ.

ಅಂದರೆ ಹುಟ್ಟಿದಾಗ ಇದು ಮರ್ಯಾದೆಯ ಶಬ್ದ. ಬೈಗುಳ ಅಲ್ಲವೇ ಅಲ್ಲ.

ಪ್ರಭು ಹೋಗಿ ಪೊರ್ಬು ಆಗಿದ್ದು ಹೇಗೆ? ಅಂಗಡಿಕಾರರಿಗೆ ಇದನ್ನು ತಿಳಿಸಿಕೊಡೋದು ಭಾಳ ಸುಲಭ. 'ಗ್ರಾಹಕ' ಅನ್ನೋ ಸಂಸ್ಕೃತ ಶಬ್ದವನ್ನು ಪೇಟೆಯಲ್ಲಿ ಯಾರೂ ಹಾಗೆ ಅನ್ನೋದಿಲ್ಲ, 'ಗಿರಾಕಿ' ಅಂತಾರೆ. 'ಪ್ರಸಾದ' ಅನ್ನೋದು ಹಳ್ಳಿ ಬಾಯಲ್ಲಿ 'ಪರಸಾದ' ಆಗುತ್ತೆ. ಎರಡು ವ್ಯಂಜನ ಒಟ್ಟಿಗೆ ಬಂದರೆ ನಡುವೆ ಒಂದು ಸ್ವರ ಸೇರಿಸಿ ಸಲೀಸು ಮಾಡಿಕೊಳ್ಳೋದು ಜನರ ನಾಲಿಗೆಯ ರೂಢಿ. ಪ್ರಭು ಕೂಡ ಹಾಗೇ ಕೊಂಕಣ-ಗೋವಾ ಭಾಗದಲ್ಲಿ ಪರಬ, ಪೊರೊಬ ಆಯಿತು. ಈ ಅಡ್ಡಹೆಸರುಗಳು ಇಂದಿಗೂ ಗೋವಾದಲ್ಲಿ, ಸಿಂಧುದುರ್ಗದಲ್ಲಿ ಇವೆ. ತುಳುನಾಡಿಗೆ ಬಂದಾಗ ಅದೇ ಪೊರ್ಬು.

ಇನ್ನೊಂದು ಮಾತು. ಪ್ರಭು ಅಂತ ಅಡ್ಡಹೆಸರಿರೋ ಸಾರಸ್ವತ ಹಿಂದೂ ಕುಟುಂಬಗಳನ್ನೂ ಕರಾವಳಿಯಲ್ಲಿ ನೋಡಬಹುದು. ಅವರು ಪ್ರಭುಗಳಾಗಿಯೇ ಉಳಿದರು. ಮತ ಬದಲಾದ ಅವರ ನೆಂಟರು ಪೊರ್ಬುಗಳಾದರು. ಶಬ್ದ ಒಂದೇ, ಉಚ್ಚಾರ ಎರಡು.

ಕ್ಯಾಥೋಲಿಕರಿಗೂ ಪ್ರಭುವಿಗೂ ಏನು ಸಂಬಂಧ?

ಇದಕ್ಕೆ ಗೋವಾಕ್ಕೆ ಹೋಗಬೇಕು. 1510ರಲ್ಲಿ ಪೋರ್ಚುಗೀಸರು ಗೋವಾ ಹಿಡಿದರು. ಮುಂದಿನ ದಶಕಗಳಲ್ಲಿ ಅಲ್ಲಿನ ಅನೇಕ ಊರುಗಳು ಕ್ಯಾಥೋಲಿಕ್ ಮತಕ್ಕೆ ಸೇರಿದವು. ದೀಕ್ಷಾಸ್ನಾನ ಪಡೆದವರಿಗೆ ಪೋರ್ಚುಗೀಸ್ ಅಡ್ಡಹೆಸರು ಸಿಕ್ಕಿತು. ದೀಕ್ಷೆ ಕೊಟ್ಟ ಪಾದ್ರಿಯದ್ದೋ, ಧರ್ಮಪಿತನಾಗಿ ನಿಂತ ಪೋರ್ಚುಗೀಸನದ್ದೋ ಹೆಸರು ಕುಟುಂಬಕ್ಕೆ ಬಂತು. ಡಿಸೋಜಾ, ಪಿಂಟೋ, ಲೋಬೋ, ರೊಡ್ರಿಗಸ್, ಫರ್ನಾಂಡಿಸ್ ಎಲ್ಲಾ ಹೀಗೆ ಬಂದವು. ಅದಕ್ಕೂ ಮೊದಲು ಅವರು ಪ್ರಭು, ಕಾಮತ, ಪೈ, ಶೆಣೈ, ನಾಯಕ ಇತ್ಯಾದಿ ಆಗಿದ್ದರು. ತಮ್ಮ ಹಳೇ ಮನೆತನದ ಹೆಸರು ಯಾವುದು ಅಂತ ಇಂದಿಗೂ ನೆನಪಿಟ್ಟುಕೊಂಡ ಮಂಗಳೂರು ಕ್ಯಾಥೋಲಿಕ್ ಕುಟುಂಬಗಳಿವೆ.

16ನೇ ಶತಮಾನದಿಂದ 18ನೇ ಶತಮಾನದವರೆಗೆ ಬೇರೆ ಬೇರೆ ಕಾರಣಕ್ಕೆ ಗೋವಾದ ಕ್ಯಾಥೋಲಿಕರು ದಕ್ಷಿಣಕ್ಕೆ ಬಂದರು. ಗೋವಾದಲ್ಲಿ 1560ರಲ್ಲಿ ಶುರುವಾದ ಇನ್‌ಕ್ವಿಸಿಷನ್ ಅನ್ನೋ ಧರ್ಮವಿಚಾರಣಾ ನ್ಯಾಯಾಲಯ ಒಂದು ಕಾರಣ. ಮತಕ್ಕೆ ಸೇರಿದ ಮೇಲೂ ಮನೆ ಮುಂದೆ ತುಳಸಿ ಇಟ್ಟರೆ, ಮದುವೆಯಲ್ಲಿ ಹಳೇ ಪದ್ಧತಿ ಮಾಡಿದರೆ ಅದು ತಪ್ಪು ಅನ್ನಿಸಿಕೊಳ್ಳುತ್ತಿತ್ತು. ಬರಗಾಲ, ಕರಭಾರ, ಪೋರ್ಚುಗೀಸ್-ಮರಾಠಾ ಯುದ್ಧಗಳು ಬೇರೆ ಕಾರಣಗಳು. ಬಂದವರಿಗೆ ಕೆಳದಿ ನಾಯಕರ ರಾಜ್ಯದಲ್ಲಿ ಬೇಸಾಯಕ್ಕೆ ಭೂಮಿ ಸಿಕ್ಕಿತು. ಗದ್ದೆ ಮಾಡುವುದರಲ್ಲಿ ಅವರದು ಪಳಗಿದ ಕೈ.

ಪ್ಯಾಟಿ ಭಾಷೆಯಲ್ಲಿ ಹೇಳಬೇಕು ಅಂದ್ರೆ, ಬೋರ್ಡ್ ಬದಲಾಗಿತ್ತು, ಅಂಗಡಿ ಹಳೇದೇ ಇತ್ತು. ಇಗರ್ಜಿಯ ದಾಖಲೆಯಲ್ಲಿ ಅವರು ಡಿಸೋಜಾ ಆಗಿದ್ದರೂ, ಪಕ್ಕದ ತುಳು ಒಕ್ಕಲಿಗನ ಬಾಯಲ್ಲಿ ಹಳೇ ಪ್ರಭುವೇ ಉಳಿದ. ಮುಂದೆ ಪ್ರಭು ಮನೆತನ ಅಲ್ಲದವರಿಗೂ ಅದೇ ಹೆಸರು ಅಂಟಿಕೊಂಡಿತು. ಒಬ್ಬರ ಅಡ್ಡಹೆಸರು ಇಡೀ ಸಮುದಾಯದ ಅಡ್ಡಹೆಸರಾಯಿತು.

ಗಂಡಸರಿಗೆ ಪೊರ್ಬು, ಹೆಂಗಸರಿಗೆ ಬಾಯಮ್ಮ

ಪೊರ್ಬು ಅನ್ನೋದಕ್ಕೆ ಜೋಡಿಯಾಗಿ ಕ್ಯಾಥೋಲಿಕ್ ಹೆಂಗಸರಿಗೆ 'ಬಾಯಮ್ಮ' ಅನ್ನೋ ಶಬ್ದ ಇದೆ. ಬಾಯಿ ಮತ್ತು ಅಮ್ಮ ಎರಡೂ ಸೇರಿ ಆದದ್ದು. 'ಬಾಯಿ' ಅಂದರೆ ಕೊಂಕಣಿ, ಮರಾಠಿಯಲ್ಲಿ ಹೆಂಗಸರಿಗೆ ಕೊಡುವ ಗೌರವದ ಕರೆ. ಹುಬ್ಬಳ್ಳಿ-ಧಾರವಾಡದವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿ ಸಾಲಿ ಕಲಿಸೋ ಅಕ್ಕೋರಿಗೆ 'ಬಾಯಾರು' ಅಂತ ಕರೆದೇ ಎಷ್ಟೋ ತಲೆಮಾರು ಬೆಳೆದಿವೆ. ಬಾಯಾರು ಅನ್ನೋದರಲ್ಲಿ ಎಷ್ಟು ಮರ್ಯಾದೆ ಇದೆಯೋ, ಬಾಯಮ್ಮ ಅನ್ನೋದರಲ್ಲೂ ಮೂಲದಲ್ಲಿ ಅಷ್ಟೇ ಇತ್ತು.

ಹುಬ್ಬಳ್ಳಿಗೆ ಬಂದಿದ್ದು ರೈಲಿನ ದಾರಿಯಲ್ಲಿ

ಪೊರ್ಬು ಅನ್ನೋ ಶಬ್ದ ಹುಬ್ಬಳ್ಳಿಯದಲ್ಲ. ಅದನ್ನ ತಂದವರು ಮಂಗಳೂರು, ಉಡುಪಿ, ಕುಂದಾಪುರ ಕಡೆಯಿಂದ ದುಡಿಯೋಕೆ ಬಂದವರು. ಆದರೆ ಕ್ಯಾಥೋಲಿಕರು ಹುಬ್ಬಳ್ಳಿಗೆ ಹೊಸಬರಲ್ಲ.

1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಹುಬ್ಬಳ್ಳಿಗೆ ಬಂತು. ಅದರ ವರ್ಕ್‌ಶಾಪ್ ಇಲ್ಲೇ ಆಯಿತು. ಲೋಂಡಾ, ಕ್ಯಾಸಲ್‌ರಾಕ್ ಮೂಲಕ ಗೋವಾದ ಮರ್ಮಗೋವಾ ಬಂದರಿಗೆ ಹಳಿ ಕೂಡಿತು. 1961ರ ಡಿಸೆಂಬರ್‌ನಲ್ಲಿ ಗೋವಾ ಭಾರತಕ್ಕೆ ಸೇರುವವರೆಗೂ ಕ್ಯಾಸಲ್‌ರಾಕ್ ಅಂದರೆ ಎರಡು ದೇಶಗಳ ನಡುವಿನ ಗಡಿ ಸ್ಟೇಷನ್. ಆ ಹಳಿ ಮೇಲೆ ಸಾಮಾನು ಬಂದ ಹಾಗೆ ಮಂದಿಯೂ ಬಂದರು. ರೈಲ್ವೆ ಕೆಲಸಕ್ಕೆ ಗೋವಾದವರು, ಆಂಗ್ಲೋ-ಇಂಡಿಯನ್ನರು, ತಮಿಳು-ತೆಲುಗು ಮಾತಾಡುವ ಕ್ರೈಸ್ತರು ಸೇರಿಕೊಂಡರು. ಗದಗ ರಸ್ತೆ, ಕೇಶ್ವಾಪುರ ಸುತ್ತಮುತ್ತ ಇಂದಿಗೂ ಆ ನೆರಳು ಕಾಣುತ್ತೆ.

ಧಾರವಾಡ ಜಿಲ್ಲೆಯ ಕ್ಯಾಥೋಲಿಕರು ಸೇರಿರೋದು ಬೆಳಗಾವಿ ಧರ್ಮಪ್ರಾಂತ್ಯಕ್ಕೆ. ಇದು ಸ್ಥಾಪನೆ ಆಗಿದ್ದು 1953ರಲ್ಲಿ. ಅದಕ್ಕೂ ಮೊದಲು ಈ ಭಾಗದ ಇಗರ್ಜಿಗಳನ್ನ ಗೋವಾ ಮತ್ತು ಪುಣೆಯ ಬಿಷಪ್ಪರು ನೋಡಿಕೊಳ್ಳುತ್ತಿದ್ದರು.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಬಿಡಬೇಕು. ಕ್ಯಾಥೋಲಿಕ್ ಅಂದ ಕೂಡಲೇ ಗೋವಾದವ ಅಥವಾ ಮಂಗಳೂರಿನವ ಅಂತ ತಿಳಿಯೋದು ಸರಿಯಲ್ಲ. ರಾಯಚೂರು ಜಿಲ್ಲೆಯ ಮುದಗಲ್ಲಿನಲ್ಲಿ ಶತಮಾನಗಳಷ್ಟು ಹಳೆಯ ಕ್ಯಾಥೋಲಿಕ್ ಚರ್ಚ್ ಇದೆ. ಅಲ್ಲಿನವರು ಅಪ್ಪಟ ಕನ್ನಡ ಮಾತಾಡುವ, ರೊಟ್ಟಿ ಉಣ್ಣುವ ಬಯಲುಸೀಮೆ ಮಂದಿ. ಅಳ್ನಾವರ ದಾಟಿ ಹಳಿಯಾಳ, ಯಲ್ಲಾಪುರ ಕಾಡಿಗೆ ಹೋದರೆ ಆಫ್ರಿಕಾ ಮೂಲದ ಸಿದ್ದಿ ಸಮುದಾಯದಲ್ಲೂ ಕ್ಯಾಥೋಲಿಕರು ಸಿಗುತ್ತಾರೆ. ಇವರಿಗೆಲ್ಲಾ 'ಪೊರ್ಬು' ಅನ್ನೋ ಶಬ್ದ ಅನ್ವಯವೇ ಆಗೋದಿಲ್ಲ. ಅದು ಕರಾವಳಿಯ ಕೊಂಕಣಿ ಕ್ಯಾಥೋಲಿಕರಿಗೆ ಮಾತ್ರ ಇಟ್ಟ ಹೆಸರು.

ಹುಬ್ಬಳ್ಳಿಯ ಸ್ವಂತ ಶಬ್ದ 'ಕಿರಿಸ್ತಾನ್ರು'

ಅವಳಿ ನಗರದ ಬಾಯಲ್ಲಿ ಹೆಚ್ಚು ಓಡಾಡೋದು 'ಕಿರಿಸ್ತಾನ್ರು'. 'ಕಿರಿಸ್ತಾನ್ರ ಓಣಿ', 'ಕಿರಿಸ್ತಾನ್ರ ಸಾಲಿ', 'ಕಿರಿಸ್ತಾನ್ರ ಹಬ್ಬ'. ಬರೆಯುವಾಗ 'ಕ್ರೈಸ್ತರು' ಅಂತೀವಿ, ಮಾತಾಡುವಾಗ ಕಿರಿಸ್ತಾನ್ರು. ಎರಡರ ನಡುವೆ ವ್ಯತ್ಯಾಸ ಏನು?

'ಕ್ರೈಸ್ತ' ಅನ್ನೋದು ಸಂಸ್ಕೃತದ ವ್ಯಾಕರಣದಲ್ಲಿ ಕಟ್ಟಿದ ಶಬ್ದ. ಶಿವನ ಭಕ್ತ ಶೈವ, ವಿಷ್ಣುವಿನ ಭಕ್ತ ವೈಷ್ಣವ, ಬುದ್ಧನ ಅನುಯಾಯಿ ಬೌದ್ಧ. ಅದೇ ರೀತಿ ಕ್ರಿಸ್ತನ ಅನುಯಾಯಿ ಕ್ರೈಸ್ತ. ಪುಸ್ತಕಕ್ಕೆ, ಪತ್ರಿಕೆಗೆ, ಭಾಷಣಕ್ಕೆ ಹೊಂದುವ ಶಬ್ದ.

'ಕಿರಿಸ್ತಾನ' ಅನ್ನೋದು ಬಾಯಲ್ಲಿ ಬೆಳೆದದ್ದು. ಪೋರ್ಚುಗೀಸ್ ಭಾಷೆಯಲ್ಲಿ ಕ್ರೈಸ್ತನಿಗೆ ಇರುವ ಶಬ್ದ ಕೊಂಕಣಿಗೆ ಬಂದು 'ಕ್ರಿಸ್ತಾಂವ್' ಆಯಿತು. ಇಂಗ್ಲಿಷಿನಿಂದ 'ಕ್ರಿಶ್ಚಿಯನ್' ಬಂತು. ಇಂಥ ಶಬ್ದಗಳು ಕನ್ನಡ ನಾಲಿಗೆ ಮೇಲೆ ಬಂದಾಗ ಮತ್ತೆ ಅದೇ ಗಿರಾಕಿ ಲೆಕ್ಕ. 'ಕ್ರಿ' ಒಡೆದು 'ಕಿರಿ' ಆಯಿತು. ಗ್ರಾಹಕ ಗಿರಾಕಿ ಆದರೆ ಕ್ರಿಸ್ತಾನ ಕಿರಿಸ್ತಾನ ಆಗಲೇಬೇಕಲ್ಲ? ಇಲ್ಲಿನ 'ಕಿರಿ'ಗೂ ಕಿರಿದು, ಸಣ್ಣದು ಅನ್ನೋದಕ್ಕೂ ಸಂಬಂಧ ಇಲ್ಲ.

ಸರ್ಕಾರಿ ಕಾಗದದಲ್ಲಿ ಮಾತ್ರ ಕಿರಿಸ್ತಾನನೂ ಇಲ್ಲ, ಪೊರ್ಬುವೂ ಇಲ್ಲ. ಅಲ್ಲಿರೋದು 'ಕ್ರಿಶ್ಚಿಯನ್' ಅಥವಾ 'ಕ್ರೈಸ್ತ'. ಅಡ್ಡಹೆಸರು ಬಾಯಿಗೆ ಮಾತ್ರ ಸೀಮಿತ, ಅರ್ಜಿಗೆ ಅಲ್ಲ.

'ಆರ್‌ಸಿ' ಅಂದ್ರ ಗಾಡಿ ಕಾಗದ ಅಲ್ಲ

ಕ್ರೈಸ್ತರು ತಮ್ಮತಮ್ಮಲ್ಲೇ ಮಾತಾಡುವಾಗ 'ಅವರು ಆರ್‌ಸಿ' ಅಂತಾರೆ. ಕೇಳಿದವರಿಗೆ ಗಾಡಿಯ ಆರ್‌ಸಿ ಬುಕ್ ನೆನಪಾಗಬಹುದು. ಇಲ್ಲಿ ಅದರ ಅರ್ಥ ರೋಮನ್ ಕ್ಯಾಥೋಲಿಕ್. ಕ್ಯಾಥೋಲಿಕ್ ಅನ್ನೋದು ಗ್ರೀಕ್ ಮೂಲದ ಶಬ್ದ, 'ಎಲ್ಲರಿಗೂ ಸೇರಿದ್ದು, ಸಾರ್ವತ್ರಿಕ' ಅಂತ ಅರ್ಥ. ರೋಮ್‌ನಲ್ಲಿರೋ ಪೋಪ್ ಅವರನ್ನ ಮುಖ್ಯಸ್ಥರೆಂದು ಒಪ್ಪುವವರು ರೋಮನ್ ಕ್ಯಾಥೋಲಿಕರು.

ಹುಬ್ಬಳ್ಳಿ-ಧಾರವಾಡದಲ್ಲಿ ಈ ವ್ಯತ್ಯಾಸ ಗೊತ್ತಿರೋದು ಮುಖ್ಯ. ಯಾಕಂದ್ರೆ ಇಲ್ಲಿ ಹೆಚ್ಚು ಹೆಸರು ಮಾಡಿದ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್, ಅದು ಕ್ಯಾಥೋಲಿಕ್ ಅಲ್ಲ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಈ ಪ್ರಾಟೆಸ್ಟಂಟ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿಯಲ್ಲಿ ಕೆಲಸ ಶುರು ಮಾಡಿತು. 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ಕೊಟ್ಟ ಫರ್ಡಿನಾಂಡ್ ಕಿಟೆಲ್ ಈ ಮಿಷನ್ನಿನವರು. ಧಾರವಾಡದ ಕಿಟೆಲ್ ಕಾಲೇಜು, ಹೆಬಿಕ್ ಸ್ಮಾರಕ ಚರ್ಚ್, ಬಾಸೆಲ್ ಮಿಷನ್ ಶಾಲೆಗಳ ಹಿಂದೆ ಇರೋದು ಈ ಪರಂಪರೆ. ಈ ಚರ್ಚುಗಳು ಈಗ ಸಿಎಸ್‌ಐ ಅಡಿಯಲ್ಲಿವೆ.

ಗುರುತಿಸೋದು ಹೇಗೆ? ಸುಲಭದ ಲೆಕ್ಕ ಹೀಗಿದೆ:

• ಕ್ಯಾಥೋಲಿಕ್ ಗುರುಗಳಿಗೆ 'ಫಾದರ್' ಅಂತಾರೆ, ಅವರು ಮದುವೆ ಆಗೋದಿಲ್ಲ. ಪ್ರಾಟೆಸ್ಟಂಟರಲ್ಲಿ 'ಪಾಸ್ಟರ್', 'ರೆವರೆಂಡ್' ಇರ್ತಾರೆ, ಅವರಿಗೆ ಸಂಸಾರ ಇರುತ್ತೆ.

• ಕ್ಯಾಥೋಲಿಕ್ ಚರ್ಚುಗಳಲ್ಲಿ ಮರಿಯಮ್ಮನವರ ಮತ್ತು ಸಂತರ ಪ್ರತಿಮೆಗಳು ಇರ್ತವೆ. ಪ್ರಾಟೆಸ್ಟಂಟ್ ಚರ್ಚುಗಳಲ್ಲಿ ಸಾಮಾನ್ಯವಾಗಿ ಬರೀ ಶಿಲುಬೆ.

• ಕ್ಯಾಥೋಲಿಕರು ಚರ್ಚಿನ ಮುಖ್ಯ ವಿಧಿಗೆ 'ಬಲಿಪೂಜೆ' ಅಥವಾ 'ಪೂಜೆ' ಅಂತಾರೆ. ಪ್ರಾಟೆಸ್ಟಂಟರು 'ಆರಾಧನೆ' ಅಂತಾರೆ.

• ಕರಾವಳಿ ಕ್ಯಾಥೋಲಿಕರ ಮನೆಮಾತು ಕೊಂಕಣಿ. ಕರ್ನಾಟಕದಲ್ಲಿ ಅದನ್ನ ಬರೆಯೋದು ಕನ್ನಡ ಲಿಪಿಯಲ್ಲೇ. ಮಂಗಳೂರಿನ 'ರಾಕ್ಣೊ' ಅನ್ನೋ ಕೊಂಕಣಿ ವಾರಪತ್ರಿಕೆ 1938ರಲ್ಲಿ ಶುರುವಾಗಿದ್ದು ಕನ್ನಡ ಅಕ್ಷರದಲ್ಲಿ.

ಅಂದಮೇಲೆ 'ಕಿರಿಸ್ತಾನ್ರು' ಅನ್ನೋದು ಎಲ್ಲಾ ಕ್ರೈಸ್ತರಿಗೂ, 'ಆರ್‌ಸಿ' ಅನ್ನೋದು ಕ್ಯಾಥೋಲಿಕರಿಗೆ, 'ಪೊರ್ಬು' ಅನ್ನೋದು ಕ್ಯಾಥೋಲಿಕರಲ್ಲೂ ಕರಾವಳಿಯ ಕೊಂಕಣಿಗರಿಗೆ ಮಾತ್ರ. ಮೂರೂ ಒಂದೇ ಅಲ್ಲ.

ಪಾದ್ರಿ, ಇಗರ್ಜಿ ಮತ್ತು ಪಗಾರ

'ಪಾದ್ರಿ' ಅನ್ನೋದು ಪೋರ್ಚುಗೀಸಿನ 'ಪಾದ್ರೆ'. ಅರ್ಥ ತಂದೆ. ಇವತ್ತು ಇಂಗ್ಲಿಷಿನಲ್ಲಿ ಫಾದರ್ ಅನ್ನೋದೂ ಅದೇ ಅರ್ಥ, ಸಂಸ್ಕೃತದ 'ಪಿತೃ' ಕೂಡ ಇದೇ ಕುಲದ ಶಬ್ದ. ಹುಬ್ಬಳ್ಳಿ ಕಡೆ ಬಾಸೆಲ್ ಮಿಷನ್ನಿನವರನ್ನೂ ಪಾದ್ರಿ ಅಂತಲೇ ಕರೆದರು, ಅದು ರೂಢಿಯಾಯಿತು. 'ಇಗರ್ಜಿ' ಅನ್ನೋದು ಪೋರ್ಚುಗೀಸಿನಲ್ಲಿ ಚರ್ಚಿಗೆ ಇರುವ 'ಇಗ್ರೇಜಾ' ಅನ್ನೋ ಶಬ್ದದಿಂದ.

ಇವೆಲ್ಲಾ ಪರದೇಶಿ ಶಬ್ದ, ನಮಗೆ ಸಂಬಂಧ ಇಲ್ಲ ಅನ್ನುವವರು ತಮ್ಮ ಅಂಗಡಿಯನ್ನೇ ಒಮ್ಮೆ ನೋಡಿಕೊಳ್ಳಬೇಕು. ಬೆಳಿಗ್ಗೆ ಬಾಗಿಲು ತೆಗೆಯೋ 'ಚಾವಿ' ಪೋರ್ಚುಗೀಸ್. ತಿಂಗಳ ಕೊನೆಗೆ ಹುಡುಗರಿಗೆ ಕೊಡೋ 'ಪಗಾರ' ಪೋರ್ಚುಗೀಸ್. ಚೀಲದಲ್ಲಿರೋ 'ಬಟಾಟಿ' ಪೋರ್ಚುಗೀಸ್. ಕಟ್ಟಡ ಕಟ್ಟೋ 'ಮಿಸ್ತ್ರಿ', ಮಾರುಕಟ್ಟೆಯಲ್ಲಿ ಕೂಗೋ 'ಲಿಲಾವು', ಬೀದಿಯಲ್ಲಿ ಮಾರೋ 'ಪಾವ್', ಬುಟ್ಟಿಯಲ್ಲಿರೋ 'ಪೇರಲ' ಎಲ್ಲವೂ ಅದೇ ದಾರಿಯಲ್ಲಿ ಬಂದವು. ಗೋವಾದಿಂದ ಮರಾಠಿ, ಕೊಂಕಣಿ ದಾಟಿ ಘಟ್ಟ ಹತ್ತಿ ಧಾರವಾಡದ ಕನ್ನಡಕ್ಕೆ ಸೇರಿದವು. ಪಗಾರ ತಗೊಳ್ಳುವಾಗ ಯಾರೂ 'ಇದು ಕಿರಿಸ್ತಾನ್ರ ಶಬ್ದ' ಅನ್ನೋದಿಲ್ಲ. ಪಾದ್ರಿಯೂ ಪಗಾರವೂ ಒಂದೇ ಹಡಗಿನಲ್ಲಿ ಬಂದ ನೆಂಟರು.

ಹೆಸರು ಅಂಟಿದರೆ ಏನಾಗುತ್ತೆ? 'ಪರಂಗಿ'ಯ ಪಾಠ

ಅಡ್ಡಹೆಸರು ಬರೀ ತಮಾಷೆಯ ವಿಷಯ ಅಲ್ಲ. ಅದಕ್ಕೆ 'ಪರಂಗಿ' ಅನ್ನೋ ಶಬ್ದ ಸಾಕ್ಷಿ. ಯುರೋಪಿನ 'ಫ್ರಾಂಕ್' ಜನರ ಹೆಸರು ಅರಬ್ಬಿ, ಪಾರಸಿ ಬಾಯಲ್ಲಿ 'ಫರಂಗಿ' ಆಗಿ, ಕನ್ನಡ-ತಮಿಳಿನಲ್ಲಿ 'ಪರಂಗಿ' ಆಯಿತು. ಮೊದಲು ಪೋರ್ಚುಗೀಸರಿಗೆ, ಆಮೇಲೆ ಎಲ್ಲಾ ಬಿಳಿಯರಿಗೆ, ಕೊನೆಗೆ ಅವರ ಮತಕ್ಕೆ ಸೇರಿದ ಇಲ್ಲಿನವರಿಗೂ ಆ ಹೆಸರು ತಗುಲಿತು. ಮಂಗಳೂರು ಹತ್ತಿರದ ಫರಂಗಿಪೇಟೆ ಅನ್ನೋ ಊರಿನ ಹೆಸರಲ್ಲಿ ಅದು ಇನ್ನೂ ಉಳಿದಿದೆ.

ಈ ಹೆಸರಿನಲ್ಲಿ 'ಹೊರಗಿನವ' ಅನ್ನೋ ಮುಳ್ಳಿತ್ತು. 1606ರಲ್ಲಿ ಮದುರೈಗೆ ಬಂದ ಇಟಲಿಯ ಜೆಸ್ವಿಟ್ ಪಾದ್ರಿ ರಾಬರ್ಟೊ ಡಿ ನೊಬಿಲಿ, 'ನಾನು ಪರಂಗಿ ಅಲ್ಲ' ಅಂತ ಹೇಳಿಕೊಂಡೇ ಕಾವಿ ಉಟ್ಟು ಬದುಕಿದ. ಪರಂಗಿ ಅನ್ನಿಸಿಕೊಂಡವನ ಮಾತನ್ನ ಊರಿನವರು ಕೇಳೋದೇ ಇಲ್ಲ ಅನ್ನೋದು ಅವನಿಗೆ ಗೊತ್ತಾಗಿತ್ತು.

ಕರ್ನಾಟಕದಲ್ಲಿ ಇದರ ಬೆಲೆ ಇನ್ನೂ ದುಬಾರಿ ಆಯಿತು. ಎರಡನೇ ಮೈಸೂರು ಯುದ್ಧದ ನಂತರ 1784ರಲ್ಲಿ, ಬ್ರಿಟಿಷರಿಗೆ ನೆರವಾದರು ಅನ್ನೋ ಆರೋಪದ ಮೇಲೆ ಟಿಪ್ಪು ಸುಲ್ತಾನನ ಆಡಳಿತ ಕೆನರಾದ ಕ್ಯಾಥೋಲಿಕರನ್ನ ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿತು. ಒಬ್ಬಿಬ್ಬರನ್ನಲ್ಲ, ಹೆಂಗಸರು ಮಕ್ಕಳು ಸಮೇತ ಊರಿಗೆ ಊರನ್ನೇ. ದಾರಿಯಲ್ಲಿ, ಸೆರೆಯಲ್ಲಿ ಸತ್ತವರು ಬಹಳ. ಉಳಿದವರು ಊರಿಗೆ ಮರಳಿದ್ದು 1799ರಲ್ಲಿ ಟಿಪ್ಪು ಸತ್ತ ಮೇಲೆ. ಯಾರು ಏನು ಮಾಡಿದರು ಅಂತ ಒಬ್ಬೊಬ್ಬರನ್ನ ವಿಚಾರಿಸದೆ 'ಇವರೆಲ್ಲಾ ಅವರ ಕಡೆಯವರು' ಅಂತ ಒಂದೇ ಚೀಲದಲ್ಲಿ ತುಂಬಿದರೆ ಏನಾಗುತ್ತೆ ಅನ್ನೋದಕ್ಕೆ ಇದು ಉದಾಹರಣೆ.

ಗಮನಿಸಬೇಕಾದ್ದು ಇಷ್ಟು: ಪರಂಗಿ ಅಂದರೆ ಹೊರಗಿನವ, ಪೊರ್ಬು ಅಂದರೆ ಊರಿನ ಒಡೆಯ. ಒಂದೇ ಸಮುದಾಯಕ್ಕೆ ನೆರೆಹೊರೆಯವರು ಎರಡು ಥರದ ಹೆಸರು ಇಟ್ಟರು. ಒಂದು ದೂರ ತಳ್ಳಿತು, ಇನ್ನೊಂದು ಹತ್ತಿರ ಇಟ್ಟುಕೊಂಡಿತು.

ಬೇರೆ ಊರಿನಲ್ಲೂ ಇದೇ ಕಥೆ

ಕ್ಯಾಥೋಲಿಕರಿಗೆ ಅಡ್ಡಹೆಸರು ಇಡೋದು ಇಲ್ಲಿಯದಷ್ಟೇ ಅಲ್ಲ. ಮುಂಬೈಯಲ್ಲಿ ಗೋವಾ ಮೂಲದ ಕ್ರೈಸ್ತರಿಗೆ 'ಮಕಾಪಾವ್' ಅಂತ ಕರೆಯೋ ರೂಢಿ ಇದೆ. ಕೊಂಕಣಿಯಲ್ಲಿ 'ಮಾಕಾ ಪಾವ್' ಅಂದರೆ 'ನನಗೆ ಪಾವ್'. ಬ್ರೆಡ್ ಕೇಳಿದ್ದಕ್ಕೆ ಹುಟ್ಟಿದ ಹೆಸರು. ಅಮೆರಿಕದಲ್ಲಿ ಕ್ಯಾಥೋಲಿಕರಿಗೆ 'ಬಂಗಡೆ ತಿನ್ನುವವರು' ಅನ್ನೋ ಅರ್ಥದ ಅಡ್ಡಹೆಸರು ಇತ್ತು. ಶುಕ್ರವಾರ ಮಾಂಸ ಬಿಟ್ಟು ಮೀನು ತಿನ್ನುವ ಅವರ ವ್ರತದ ಮೇಲೆ ಕಟ್ಟಿದ ಗೇಲಿ. ಊಟ, ಮಾತು, ಉಡುಪು, ಊರು. ಇವುಗಳಿಂದಲೇ ಅಡ್ಡಹೆಸರು ಹುಟ್ಟುತ್ತವೆ. ಅವಕ್ಕೆ ಹೋಲಿಸಿದರೆ ಪೊರ್ಬು ಸ್ವಲ್ಪ ಬೇರೆ. ಅದು ಒಂದು ಬಿರುದಿನಿಂದ ಹುಟ್ಟಿತು.

ಹಂಗಾರ ಪೊರ್ಬು ಅನ್ನಬಹುದೋ, ಬ್ಯಾಡೋ?

ಮೂಲದಲ್ಲಿ ಗೌರವದ ಶಬ್ದ ಅಂದಮೇಲೆ ಧಾರಾಳವಾಗಿ ಬಳಸಬಹುದಲ್ಲ ಅಂತ ಯಾರಾದರೂ ಕೇಳಬಹುದು. ಇಲ್ಲೇ ಎಡವೋದು. ಶಬ್ದದ ಹುಟ್ಟು ಬೇರೆ, ಅದರ ಇವತ್ತಿನ ಬಾಳು ಬೇರೆ.

ಇದಕ್ಕೂ 'ಗಿರಾಕಿ'ಯೇ ಒಳ್ಳೇ ಉದಾಹರಣೆ. 'ಗಿರಾಕಿ ಬಂದಾರ, ನೋಡಪಾ' ಅಂದರೆ ಮರ್ಯಾದೆ, ಲಕ್ಷ್ಮಿ ಬಂದ ಹಾಗೆ. 'ಅವ ಭಾರೀ ಗಿರಾಕಿ ಬಿಡಪಾ' ಅಂದರೆ ಅರ್ಥವೇ ಬೇರೆ. ಅಕ್ಷರ ಒಂದೂ ಬದಲಾಗಿಲ್ಲ, ದನಿ ಬದಲಾಯಿತು. ಪೊರ್ಬು ಅನ್ನೋದೂ ಹಾಗೇ. ಮಂಗಳೂರಿನಲ್ಲಿ ನಲವತ್ತು ವರ್ಷ ಒಟ್ಟಿಗೆ ಬಾಳಿದ ನೆರೆಯವರು 'ಏನ್ ಪೊರ್ಬುಗಳೇ, ಆರಾಮಾ?' ಅಂದರೆ ಅಲ್ಲಿ ಸಲಿಗೆ ಇದೆ. ಅದೇ ಶಬ್ದ 'ಪೊರ್ಬುಗಳಿಗೆ ಮನೆ ಬಾಡಿಗೆ ಕೊಡಬೇಡಿ, ಕುಡೀತಾರೆ' ಅನ್ನೋ ಮಾತಿನಲ್ಲಿ ಬಂದರೆ ಅದು ಅವಮಾನ. ಬಾಡಿಗೆ ಮನೆ ಹುಡುಕಿ ಬಂದ ಕುಟುಂಬಕ್ಕೆ ಪ್ರಭು ಅನ್ನೋ ಮೂಲ ಅರ್ಥದಿಂದ ಏನೂ ಸಮಾಧಾನ ಆಗೋದಿಲ್ಲ. ಸಾಲಿಯಲ್ಲಿ ಹುಡುಗನ ಹೆಸರು ಬಿಟ್ಟು 'ಏ ಕಿರಿಸ್ತಾನ್' ಅಂತ ಕೂಗಿದರೂ ಅಷ್ಟೇ. ಆ ಶಬ್ದದಲ್ಲಿ ಕೆಟ್ಟದ್ದೇನೂ ಇಲ್ಲ, ಆದರೆ ಹುಡುಗನಿಗೊಂದು ಹೆಸರಿದೆ.

ಕ್ಯಾಥೋಲಿಕರಲ್ಲೂ ಈ ಬಗ್ಗೆ ಒಂದೇ ಅಭಿಪ್ರಾಯ ಇಲ್ಲ. ಕೆಲವರು ತಮ್ಮತಮ್ಮಲ್ಲೇ ಪೊರ್ಬು ಅಂತ ತಮಾಷೆ ಮಾಡಿಕೊಳ್ತಾರೆ. ಕೆಲವರಿಗೆ ಅದು ಕಿವಿಗೆ ಹಿತ ಅಲ್ಲ. ಒಳಗಿನವರು ಆಡಿಕೊಳ್ಳೋ ಮಾತನ್ನ ಹೊರಗಿನವರು ಆಡಿದರೆ ಅದರ ತೂಕ ಬದಲಾಗುತ್ತೆ. ಇದು ಎಲ್ಲಾ ಜಾತಿ, ಎಲ್ಲಾ ಸಮುದಾಯಕ್ಕೂ ಒಪ್ಪುವ ಮಾತು. ಹುಬ್ಬಳ್ಳಿಯಲ್ಲಿ ಅಡ್ಡಹೆಸರು ಇಲ್ಲದ ಸಮುದಾಯ ಯಾವುದಿದೆ?

ಅಂಗಡಿಕಾರರು, ಮನೆ ಮಾಲೀಕರು, ಸಾಲಿ ಮಾಸ್ತರರು ನೆನಪಿಟ್ಟುಕೊಳ್ಳಬಹುದಾದ್ದು ಇಷ್ಟು:

• ಎದುರಿಗಿರೋರಿಗೆ ಹೆಸರಿದೆ. ಅದನ್ನೇ ಬಳಸಿ. ಡಿಸೋಜಾರವರೇ, ಪಿಂಟೋ ಸರ್, ಮೇರಿ ಅಕ್ಕಾರ ಅಂದರೆ ಯಾರಿಗೂ ಬೇಜಾರಿಲ್ಲ.

• ಸಮುದಾಯದ ಬಗ್ಗೆ ಮಾತಾಡುವಾಗ 'ಕ್ರೈಸ್ತರು', 'ಕ್ಯಾಥೋಲಿಕರು' ಅನ್ನೋದು ಸುರಕ್ಷಿತ. ಬೋರ್ಡ್, ಪತ್ರ, ಆಮಂತ್ರಣದಲ್ಲಿ ಇವೇ ಇರಲಿ.

• ಗುರುಗಳಿಗೆ ಕ್ಯಾಥೋಲಿಕ್ ಆದರೆ 'ಫಾದರ್', ಸಿಎಸ್‌ಐ ಆದರೆ 'ಪಾಸ್ಟರ್' ಅಥವಾ 'ರೆವರೆಂಡ್'. ಕನ್ಯಾಸ್ತ್ರೀಯರಿಗೆ 'ಸಿಸ್ಟರ್'. 'ಪಾದ್ರಿ' ಬೈಗುಳ ಅಲ್ಲ, ಆದರೆ ಎದುರಿಗೆ ಕರೆಯೋಕೆ ಒರಟು.

• 'ಪೊರ್ಬು', 'ಬಾಯಮ್ಮ' ಸಲಿಗೆಯ ಶಬ್ದಗಳು. ಸಲಿಗೆ ಇಲ್ಲದ ಕಡೆ ಬೇಡ. ಸಿಟ್ಟಿನಲ್ಲಿದ್ದಾಗ ಅಂತೂ ಬೇಡವೇ ಬೇಡ.

• ಯಾವುದೇ ಅಡ್ಡಹೆಸರಿನ ಮುಂದೆ 'ಅವರೆಲ್ಲಾ ಹಂಗೇ' ಅನ್ನೋ ಮಾತು ಸೇರಿದರೆ ಅಲ್ಲಿಗೆ ಅದು ಬೈಗುಳ ಆಯಿತು ಅಂತ ತಿಳೀಬೇಕು.

ಹುಬ್ಬಳ್ಳಿ ಪೇಟೆ ಬೆಳೆದಿದ್ದೇ ಹೊರಗಿನಿಂದ ಬಂದವರಿಂದ. ಗುಜರಾತಿಗಳು, ಮಾರವಾಡಿಗಳು, ಮರಾಠಿಗರು, ತಮಿಳರು, ಉಡುಪಿ ಹೋಟೆಲ್‌ನವರು, ರೈಲ್ವೆ ಗೋವಾದವರು ಎಲ್ಲಾ ಬಂದರು. ಎಲ್ಲರಿಗೂ ಈ ಊರು ಒಂದೊಂದು ಹೆಸರಿಟ್ಟಿತು, ಎಲ್ಲರ ಒಂದೊಂದು ಶಬ್ದವನ್ನ ತನ್ನ ಕನ್ನಡಕ್ಕೆ ಸೇರಿಸಿಕೊಂಡಿತು. ಅದಕ್ಕೇ ಇಲ್ಲಿ ಚಾವಿ ತೆಗೆದು, ಬಟಾಟಿ ತೂಗಿ, ಪಗಾರ ಎಣಿಸೋರು ಪೋರ್ಚುಗೀಸ್ ಮಾತಾಡ್ತಿದ್ದೀವಿ ಅಂತ ಅಂದುಕೊಳ್ಳೋದೇ ಇಲ್ಲ.

ಇನ್ನೊಮ್ಮೆ ಯಾರಾದರೂ ಅಂಗಡಿ ಕಟ್ಟೆ ಮೇಲೆ ಕೂತು 'ಪೊರ್ಬು ಅಂದ್ರ ಏನ್ರಿ?' ಅಂತ ಕೇಳಿದರೆ ಉತ್ತರ ಸರಳ. ಪೊರ್ಬು ಅಂದ್ರ ಪ್ರಭು. ಗಿರಾಕಿಯೂ ಅಂಗಡಿಗೆ ಪ್ರಭುವೇ. ಆದರೂ ಕರೆಯುವಾಗ ಅವರ ಹೆಸರು ಹಿಡಿದೇ ಕರೀರಿ.